ಇತರೆ, ವಿವರಿಸಿ

ಪ್ರಶ್ನೆ ಮೂವತ್ತೊಂದು: ಕಾಡಿಗೆ ಹೋಗುವುದು ಏತಕ್ಕೆ?
ಸೌದೆ. ಜೇನು. ಮೇವು. ಇತರೆ, ವಿವರಿಸಿ.
ವಿವರಿಸಲು ಕೊಟ್ಟದ್ದು ಒಂದೂವರೆ ಇಂಚು ಗೆರೆ.

ದಿನಕ್ಕೆ ನಾನೂರೈವತ್ತು, ಪೆಟ್ರೋಲು ಬೇರೆ;
ನಾನಾಗ ಪ್ರಶ್ನೆ ಓದುವವನು.
ಗುತ್ಯಮ್ಮ ಕೊಟ್ಟಿಗೆ ಬಾಗಿಲಲ್ಲಿ ನಿಂತು
ಮೀನಖಂಡದಿಂದ ಉಣುಗು ಕಿತ್ತು, ಉಗುರಲ್ಲಿ ಒತ್ತಿ
"ದರಗು ಗುಡ್ಸೂಕೆ" ಅಂದಳು.
ಅಲ್ಲಿಗೇ ನಿಲ್ಲಿಸಲಿಲ್ಲ:
"ಮಂಗ ಸತ್ತ ಮೇಲೆ ಪುಡಿ ಹಾಕೂಕೆ ಬತ್ತೀರಿ.
ಎಣ್ಣೆ ಬಾಟ್ಲಿ ಬಪ್ಪೂದು ಮಳೆ ಹಿಡದ್ಮೇಲೆ.
ಆಗ ಯಾರಿಗೆ ಹಚ್ಚೂದು ಮಾರಾಯ, ಕಪ್ಪೆಗಾ?
ಭೂಮಿ ಹುಣ್ಣಿಮೆ ದಾಟೂದ್ರೊಳಗೆ ಕೊಡಿ ಅನ್ನು."

ಗೆರೆಯ ಮೇಲೆ ಅಷ್ಟೂ ಹಿಡಿಯಲಿಲ್ಲ.
ಹಾಳೆ ತಿರುಗಿಸಿ ಅಂಚಿಗುಂಟ ಬರೆದೆ,
ಇರುವೆ ಸಾಲಿನ ಹಾಗೆ.

ರಾತ್ರಿ ಸಾಗರದ ಲಾಡ್ಜಿನಲ್ಲಿ
ಆನೆಕೆ ಮೇಡಂಗೆ ಇಂಗ್ಲಿಷು ಮಾಡಿ ಕೊಡಬೇಕು.
ದರಗು ಸಲೀಸು. ಉಣುಗು ಸಲೀಸು.
ಭೂಮಿ ಹುಣ್ಣಿಮೆಯ ಹತ್ತಿರ ಪೆನ್ನು ತಡೆಯಿತು.
ಬಸುರಿ ಗದ್ದೆಗೆ ಬಯಕೆಯ ಊಟ,
ಇನ್ನೂ ಬೆಳಕು ಹರಿಯದಾಗ
ಚಿತ್ತಾರದ ಬುಟ್ಟಿ ಹೊತ್ತು ಚರಗ ಚೆಲ್ಲುವ ದಿನ.
'ಅಕ್ಟೋಬರ್, ಅಂದಾಜು' ಎಂದು ಬರೆದು ಮಲಗಿದೆ.

ಮೂರು ವರ್ಷಕ್ಕೆ ವರದಿ ಬಂತು.
ಮುಖಪುಟದಲ್ಲಿ ನಾಲ್ಕು ವಿಶ್ವವಿದ್ಯಾಲಯದ ಮುದ್ರೆ,
ಒಳಗೆ ಗುತ್ಯಮ್ಮ ಇನ್ನೂರ ಏಳನೆಯ ಮನೆ.
ಅವಳ ಮಾತು 'ಸಕಾಲಿಕ ಮುಂಜಾಗ್ರತಾ ಮಧ್ಯಪ್ರವೇಶ'.
ಕಪ್ಪೆ ಎಲ್ಲೂ ಇಲ್ಲ.
ಕೊನೆಯ ಸಾಲು: ಹೆಚ್ಚಿನ ಅಧ್ಯಯನ ಅಗತ್ಯ.

ಶಿವಮೊಗ್ಗದಲ್ಲಿ ಸಭೆ. ಖಾರಾಬೂಂದಿ, ಗೋಡಂಬಿ ಬಿಸ್ಕತ್ತು.
ಪರದೆಯ ಮೇಲೆ ಗೆರೆಗಳು ಗುಡ್ಡ ಹತ್ತಿ ಇಳಿದವು.
ಮರುಳಸಿದ್ದಯ್ಯನವರು, ಖಜಾನೆ ಕಂಡವರು,
ಕನ್ನಡಕ ಹಣೆಗೇರಿಸಿ ಕೇಳಿದರು:
"ಎಲ್ಲಾ ಸರಿ ಮೇಡಂ.
ಏಪ್ರಿಲಿಗೆ ನನಗೆ ಅನುದಾನ, ಮಾರ್ಚಿಗೆ ಲ್ಯಾಪ್ಸು.
ನಾಳೆ ಬೆಳಿಗ್ಗೆ ನಾನು ಯಾವ ಹಾಳೆಗೆ ಸಹಿ ಹಾಕಲಿ?
ಒಂದೇ ಸಾಲಲ್ಲಿ ಹೇಳಿ."

ಮೇಡಂ ಬಳಿ ಅರವತ್ತು ಪುಟವಿತ್ತು.
ಒಂದು ಸಾಲು ಇರಲಿಲ್ಲ.
ಸುಳ್ಳಾಡಬಾರದೆಂಬ ಭಯ ಅವರದು; ಅದೂ ದೊಡ್ಡದೇ.

ನಾನಿದ್ದದ್ದು ಪ್ಲಗ್ಗಿನ ಪಕ್ಕ,
ಯಾರೂ ವೈರು ಎಡವದ ಹಾಗೆ ಕಾಲಡ್ಡ ಇಟ್ಟು.
"ಟೆಂಡರು ಜೂನಲ್ಲೇ ಕರೀರಿ ಸಾರ್,
ಬಾಟ್ಲಿ ಭೂಮಿ ಹುಣ್ಣಿಮೆ ಒಳಗೆ ಮನೆ ಸೇರಲಿ."
ಯಾರು ಮಾತಾಡಿದ್ದೆಂದು ಎಲ್ಲ ತಿರುಗಿ ನೋಡಿದರು.
ಅವರು ಬಿಸ್ಕತ್ತಿನ ಬಿಲ್ಲಿನ ಹಿಂದೆ
ಏನನ್ನೋ ಗೀಚಿಕೊಂಡರು.

ಅದರಿಂದಲೇ ಆಯಿತೆಂದು ಹೇಳಲಾರೆ.
ಅದೇ ವರ್ಷ ಚುನಾವಣೆ. ಅದೇ ವರ್ಷ
ಕಡತದ ಮೇಲೆ ಕೂತಿದ್ದ ಗುಮಾಸ್ತರಿಗೆ ಹಾವೇರಿಗೆ ವರ್ಗ.
ಮೇಡಂ ಕೂಡ ಕಾಗದ ಬರೆದಿದ್ದರಂತೆ, ಬೆಂಗಳೂರಿಗೆ, ಮೂರು ಸಲ.
ಕಾರಣಕ್ಕೂ ಕಾರ್ಯಕ್ಕೂ ನಡುವೆ
ಎಷ್ಟು ಜನ ವೈರು ಎಡವದೆ ದಾಟಿದರೋ.

ಅಂತೂ ಹಬ್ಬಕ್ಕೆ ಎಂಟು ದಿನ ಮುಂಚೆ ಎಣ್ಣೆ ಬಂತು,
ಎರಡು ಮನೆಗೆ ಒಂದರಂತೆ.
ಗುತ್ಯಮ್ಮನಿಗೆ ವರದಿ ಗೊತ್ತಿಲ್ಲ; ವಾಸನೆ ಗೊತ್ತು.
"ದನ ಹತ್ರ ಸೇರ್ಸೂದಿಲ್ಲ ಮಾರಾಯ,
ಹಾಲು ಕರೆಯೂದು ಹ್ಯಾಂಗೆ? ಬರ್ಕೋ ಇದನ್ನ."

ಹೊಸ ನಮೂನೆ ಹಿಡಿದು ನಿಂತಿದ್ದೆ.
ಪ್ರಶ್ನೆ ಒಂದು: ಯೋಜನೆ ನಿಮ್ಮನ್ನು ತಲುಪಿತೆ?
ಒಂದರಿಂದ ಐದರೊಳಗೆ ಅಂಕ ಕೊಡಿ.
ಅವಳು ಐದೂ ಬೆರಳು ಚಾಚಿ ಕಾದಳು,
ಅಂಗೈ ಮೇಲಾಗಿ.
ಪಕ್ಕದ ಮನೆಯಿಂದ ಬಾಟ್ಲಿ ಇನ್ನೂ ಬರಬೇಕಿತ್ತು.

ಅಂಕದ ಜಾಗ ಖಾಲಿ ಬಿಟ್ಟು
ಹಾಳೆ ತಿರುಗಿಸಿದೆ.
ಈ ಸಲ ಅಂಚು ಇನ್ನೂ ಕಿರಿದಾಗಿತ್ತು.